ಹನ್ನೆರಡು ನಿಮಿಷ ಆಡಿದ ಮೇಲೆ 0.4 ಗಿಗಾಹರ್ಟ್ಸ್‌ಗೆ ಕುಸಿಯುವ ಗೇಮಿಂಗ್ ಲ್ಯಾಪ್‌ಟಾಪ್: ಮದರ್‌ಬೋರ್ಡ್ ಬದಲಿಸಲೇಬೇಕೇ?

ಕೆಂಧೂಳು, ಸಂಡೂರು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದವಾಗಿದೆ, ಮನ್ನಿಸಿ. ಬೇರೆ ಎರಡು ಕಡೆ ಚುಟುಕಾಗಿ ಕೇಳಿದ್ದಕ್ಕೆ "ವಿಂಡೋಸ್ ಮತ್ತೆ ಹಾಕಿ" ಎಂದರು. ಹಾಕಿದ್ದಾಯಿತು, ಎರಡು ಸಲ.

ನನ್ನದು 2022ರ ದೀಪಾವಳಿಗೆ ಕೊಂಡ ಲ್ಯಾಪ್‌ಟಾಪ್. ಇಂಟೆಲ್ ಐ7-12700ಎಚ್ ಪ್ರೊಸೆಸರ್ (ಸಿಪಿಯು), ಆರ್‌ಟಿಎಕ್ಸ್ 3070 ಟಿಐ ಗ್ರಾಫಿಕ್ಸ್ ಕಾರ್ಡ್ (ಜಿಪಿಯು), 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ಜೊತೆಗೆ ಇಟ್ಟಿಗೆಯಷ್ಟು ದಪ್ಪದ 240 ವ್ಯಾಟ್ ಅಡಾಪ್ಟರ್. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಚರ್ಚೆಯೆಲ್ಲ ಅದರ ಮೇಲೆಯೇ ಹೋಗುತ್ತದೆ. ಕೊಟ್ಟದ್ದು ₹1,68,000. ಮನೆಯಲ್ಲಿ ಹೇಳಿದ್ದು ₹1,10,000. ಆ ಲೆಕ್ಕ ಇವತ್ತಿಗೂ ತಾಳೆಯಾಗಿಲ್ಲ.

ಹಗಲು ಇದರಲ್ಲಿ ಹೊಟ್ಟೆಪಾಡು. ಗಣಿ ಮತ್ತು ಕ್ವಾರಿಗಳ ಅಳತೆ ನನ್ನ ಕೆಲಸ. ಡ್ರೋನ್ ತೆಗೆದ ಐನೂರು ಆರುನೂರು ಚಿತ್ರಗಳನ್ನು ಹೊಂದಿಸಿ ಗುಡ್ಡದ ಮೂರು ಆಯಾಮದ ನಕ್ಷೆ ಮಾಡಿ, ಎಷ್ಟು ಘನ ಮೀಟರ್ ಎತ್ತಿದ್ದಾರೆ ಎಂದು ಲೆಕ್ಕ ಕೊಡಬೇಕು. ಆ ಲೆಕ್ಕಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು ಎಂಬುದು ನಿಜ, ನೆಪವೂ ಹೌದು. ರಾತ್ರಿ ಲಾರಿ ಓಡಿಸುವ ಆಟ ಆಡುತ್ತೇನೆ. ನಮ್ಮ ಮಾವ ಅದಿರಿನ ಲಾರಿ ಇಟ್ಟಿದ್ದವರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಮಾರಿಬಿಟ್ಟರು. ಈಗ ಊಟವಾದ ಮೇಲೆ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತು, ಇಳಿಜಾರಿನಲ್ಲಿ ನಾನು ಗೇರು ಹಾಕುವುದನ್ನು ನೋಡಿ ಬೈಯುತ್ತಾರೆ.

ತೊಂದರೆ ಏನೆಂದರೆ, ಆಟ ಶುರುವಾಗಿ ಹತ್ತು ಹನ್ನೆರಡು ನಿಮಿಷ ಎಲ್ಲ ಸರಿ. ಆಮೇಲೆ ಒಮ್ಮೆಲೇ ಸೆಕೆಂಡಿಗೆ 90 ಫ್ರೇಮ್ ಇದ್ದದ್ದು 8ಕ್ಕೆ ಇಳಿಯುತ್ತದೆ. ಧ್ವನಿ ತುಂಡು ತುಂಡಾಗುತ್ತದೆ, ಮೌಸ್ ಬಾಣ ಕೆಸರಿನಲ್ಲಿ ನಡೆದಂತೆ ನಡೆಯುತ್ತದೆ. ಸಿಪಿಯು ವೇಗ ನೋಡಿದರೆ 0.4 ಗಿಗಾಹರ್ಟ್ಸ್. ಕೆಲವೊಮ್ಮೆ ಅರ್ಧ ನಿಮಿಷಕ್ಕೆ ತಾನೇ ಚೇತರಿಸಿಕೊಳ್ಳುತ್ತದೆ, ಕೆಲವೊಮ್ಮೆ ಬಂದ್ ಮಾಡಿ ಹದಿನೈದು ನಿಮಿಷ ಬಿಟ್ಟರೆ ಮಾತ್ರ ಸರಿಹೋಗುತ್ತದೆ. ನಕ್ಷೆಯ ಲೆಕ್ಕಕ್ಕೆ ಬಿಟ್ಟಾಗಲೂ ಹೀಗೆಯೇ. ಎರಡು ಗಂಟೆಯ ಕೆಲಸ ರಾತ್ರಿಯೆಲ್ಲ ನಡೆಯುತ್ತದೆ.

ಬಿಸಿಯಿಂದ ಎಂದುಕೊಂಡು ಜನವರಿಯಲ್ಲಿ ಪಕ್ಕದ ಊರಿನ ಒಂದು ಅಂಗಡಿಯಲ್ಲಿ ಧೂಳು ತೆಗೆಸಿ, ಚಿಪ್ಪಿನ ಬಿಸಿಯನ್ನು ಮೇಲಿನ ತಾಮ್ರಕ್ಕೆ ದಾಟಿಸುವ ಪೇಸ್ಟ್ ಮತ್ತು ಪ್ಯಾಡ್ ಬದಲಿಸಿದೆ. ₹1,800. ಆಮೇಲೆ ಸುಧಾರಿಸಲಿಲ್ಲ, ಇನ್ನಷ್ಟು ಕೆಟ್ಟಿತು. ಈಗ ಎಚ್‌ಡಬ್ಲ್ಯೂಇನ್ಫೋ ಎಂಬ ತಪಾಸಣಾ ತಂತ್ರಾಂಶ ತೋರಿಸುವ ಅಂಕಿಗಳು: ಆಟದಲ್ಲಿ ಸಿಪಿಯು 97 ಡಿಗ್ರಿ, ಜಿಪಿಯು 78, ಜಿಪಿಯು ಹಾಟ್‌ಸ್ಪಾಟ್, ಅಂದರೆ ಅದರಲ್ಲೇ ಅತಿ ಹೆಚ್ಚು ಕಾದ ಜಾಗ, 103. ವಿಚಿತ್ರವೆಂದರೆ ವೇಗ 0.4ಕ್ಕೆ ಬಿದ್ದು ಸಿಪಿಯು 60 ಡಿಗ್ರಿಗೆ ತಣ್ಣಗಾದ ಮೇಲೂ ಅದು ಅಲ್ಲೇ ಕುಳಿತಿರುತ್ತದೆ.

ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ದೆ. ನಾಲ್ಕು ದಿನ ಇಟ್ಟುಕೊಂಡು, ಮದರ್‌ಬೋರ್ಡ್ ಹೋಗಿದೆ, ₹78,000 ಆಗುತ್ತದೆ ಎಂದು ಚೀಟಿ ಕೊಟ್ಟರು. ಯಾವ ಭಾಗ ಕೆಟ್ಟಿದೆ ಎಂದು ಕೇಳಿದರೆ "ಬೋರ್ಡ್ ಸರ್, ಬೋರ್ಡ್" ಎಂದರು. ತಮ್ಮನೊಬ್ಬ 32 ಜಿಬಿ ರ‍್ಯಾಮ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾನೆ. ಬೋರ್ಡ್ ಹಾಕಿಸಲೇ, ರ‍್ಯಾಮ್ ಹಾಕಿಸಲೇ, ತೂಕಕ್ಕೆ ಹಾಕಲೇ?

ಇನ್ನೊಂದು ಮಾತು. ಚಾರ್ಜಿಗೆ ಹಾಕಿದಾಗ ಲೋಹದ ಮುಚ್ಚಳ ಮುಟ್ಟಿದರೆ ಅಂಗೈ ಜುಮ್ಮೆನ್ನುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಪೀಣ್ಯ ಎರಡನೇ ಹಂತ

ಮಾರಿಬಿಡಿ. ಗೇಮಿಂಗ್ ಲ್ಯಾಪ್‌ಟಾಪ್ ಎಂದರೇ ಮಡಿಲಲ್ಲಿ ಇಡುವ ಒಲೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಂದು ಒಂದು ಡೆಸ್ಕ್‌ಟಾಪ್ ಕಟ್ಟಿಸಿಕೊಳ್ಳಿ. ಇದನ್ನೇ ಇಟ್ಟುಕೊಳ್ಳುತ್ತೇನೆ ಎಂದರೆ ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕಿಸಿ, ಬಿಸಿ ತಟ್ಟನೆ ಇಳಿಯುತ್ತದೆ.

ಬೆಸುಗೆ ಕಡ್ಡಿ, ಹುಬ್ಬಳ್ಳಿ

ತಮ್ಮ, ಲಿಕ್ವಿಡ್ ಮೆಟಲ್ ಮಾತನ್ನು ಈಗಲೇ ಕಿವಿಯಿಂದ ಹೊರಗೆ ಹಾಕು. ಅದು ಗ್ಯಾಲಿಯಂ ಬೆರೆತ ಲೋಹ. ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಂ ಸಿಕ್ಕರೆ ತಿಂದುಹಾಕುತ್ತದೆ. ನೀನು ಲ್ಯಾಪ್‌ಟಾಪನ್ನು ಜೀಪಿನ ಹಿಂದಿನ ಸೀಟಿನಲ್ಲಿಟ್ಟು ಗಣಿ ರಸ್ತೆಯಲ್ಲಿ ಕುಲುಕಿಸಿಕೊಂಡು ಓಡಾಡುವವನು. ಒಂದು ಹನಿ ಜಾರಿ ಪಕ್ಕದ ಕೆಪಾಸಿಟರ್ ಮೇಲೆ ಕುಳಿತರೆ ಸೇವಾ ಕೇಂದ್ರದವರ ಮಾತು ನಿಜವಾಗುತ್ತದೆ.

ನಾನು ಟಿವಿ ರಿಪೇರಿಯಿಂದ ಈ ಕಸುಬಿಗೆ ಬಂದವನು. ಆಗ ಗಿರಾಕಿ ಬಂದು "ಹಚ್ಚಿದಾಗ ಚೆನ್ನಾಗಿರುತ್ತದೆ, ಕಾದ ಮೇಲೆ ಹೋಗುತ್ತದೆ, ತಣ್ಣಗಾದರೆ ಮತ್ತೆ ಬರುತ್ತದೆ" ಎಂದರೆ ನಾವು ಬೋರ್ಡ್ ನೋಡುತ್ತಿರಲಿಲ್ಲ, ಡ್ರೈ ಸೋಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ, ಹುಡುಕುತ್ತಿದ್ದೆವು. ನಿನ್ನ ಪ್ರಶ್ನೆ ಓದುವಾಗ ಅದೇ ಹಳೆಯ ವಾಸನೆ ಬಂತು.

ನಿನ್ನಲ್ಲಿ ಇರುವುದು ಒಂದು ರೋಗವಲ್ಲ, ಎರಡು. ಒಂದರ ಲಕ್ಷಣವನ್ನು ಇನ್ನೊಂದರ ಮೇಲೆ ಹಾಕಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾರೆ. ಆ ಸಿಪಿಯು ತನ್ನ ಬಿಸಿಗೆ ತಾನು ಹೆದರುವುದು 100 ಡಿಗ್ರಿಯಲ್ಲಿ. ಹೆದರಿದಾಗಲೂ 4 ಗಿಗಾಹರ್ಟ್ಸ್ ಇದ್ದದ್ದು 3ಕ್ಕೋ ಎರಡೂವರೆಗೋ ಇಳಿದು ನಡೆಯುತ್ತದೆ, ನೆಲಕಚ್ಚುವುದಿಲ್ಲ. 60 ಡಿಗ್ರಿಯಲ್ಲಿ ಕುಳಿತು 0.4ರಲ್ಲಿ ನಿಂತಿದೆ ಎಂದರೆ ಹೊರಗಿನವರು ಯಾರೋ ಅದರ ಮೂಗುದಾರ ಎಳೆದಿದ್ದಾರೆ. ಬೋರ್ಡಿನ ಬೇರೆ ಭಾಗಗಳು ಸಿಪಿಯುಗೆ "ನಿಲ್ಲು" ಎಂದು ಹೇಳಲು ಒಂದು ಸಂಕೇತದ ತಂತಿ ಇದೆ, ಪ್ರೊಕ್‌ಹಾಟ್ ಎನ್ನುತ್ತಾರೆ. ಹಾಗೆ ಹೇಳಬಲ್ಲವರು ಮುಖ್ಯವಾಗಿ ಇಬ್ಬರು: ಸಿಪಿಯುಗೆ ಕರೆಂಟ್ ಕೊಡುವ ವಿಆರ್‌ಎಂ ಭಾಗ ವಿಪರೀತ ಕಾದರೆ ಅದು, ಅಥವಾ ಅಡಾಪ್ಟರ್ ಸರಿಯಿಲ್ಲ ಎಂದು ಅನುಮಾನ ಬಂದರೆ ಚಾರ್ಜಿಂಗ್ ಭಾಗ.

ಇವತ್ತು ರಾತ್ರಿ ಆಡುವಾಗ ಬ್ಯಾಟರಿಯ ಶೇಕಡಾ ಎಷ್ಟಿದೆ ಬರೆದಿಟ್ಟುಕೊ. ಪ್ಲಗ್ ಹಾಕಿದ್ದರೂ ಅದು ಇಳಿಯುತ್ತಿದೆಯೇ ನೋಡು. ವೇಗ ಬಿದ್ದ ತಕ್ಷಣ, ಲ್ಯಾಪ್‌ಟಾಪಿಗೆ ಚುಚ್ಚುವ ಪಿನ್ನಿನ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಹಿಡಿಯಲಾಗದಷ್ಟು ಸುಡುತ್ತಿದ್ದರೆ ಕಳ್ಳ ಸಿಕ್ಕ.

ಲೆಕ್ಕ ಹೇಳುತ್ತೇನೆ ಕೇಳು. 240 ವ್ಯಾಟ್ ಅಂದರೆ 20 ವೋಲ್ಟ್‌ನಲ್ಲಿ 12 ಆಂಪಿಯರ್. ಪಿನ್ ಸಡಿಲಾಗಿ ಅಲ್ಲಿ ಒಂದು ಓಮ್‌ನ ಹತ್ತನೇ ಒಂದು ಭಾಗ ತಡೆ ಬಂದರೂ ಸಾಕು, 12 ಗುಣಿಸು 12 ಗುಣಿಸು 0.1, ಅಂದರೆ 14 ವ್ಯಾಟ್ ಮಿಕ್ಕು ಬಿಸಿ ಆ ಕುತ್ತಿಗೆಯಲ್ಲೇ ಹುಟ್ಟುತ್ತದೆ. ನನ್ನ ಬೆಸುಗೆ ಕಡ್ಡಿ 25 ವ್ಯಾಟ್‌ನದು. ಅದರ ಅರ್ಧಕ್ಕಿಂತ ಹೆಚ್ಚನ್ನು ಒಂದು ಕಡಲೆಕಾಯಿಯಷ್ಟು ಪ್ಲಾಸ್ಟಿಕ್ಕಿನೊಳಗೆ ಇಟ್ಟಂತೆ. ಕಾದಂತೆ ಇನ್ನೂ ಸಡಿಲ, ಸಡಿಲಾದಂತೆ ಇನ್ನೂ ಕಾವು. ಇಂಥ ಅನೇಕ ಪ್ಲಗ್‌ಗಳ ನಟ್ಟನಡುವೆ ಒಂದು ಸಣ್ಣ ಗುರುತಿನ ಪಿನ್ ಇರುತ್ತದೆ. ನಾನು ಇಷ್ಟು ವ್ಯಾಟ್‌ನವನು ಎಂದು ಅಡಾಪ್ಟರ್ ತನ್ನ ಪರಿಚಯ ಹೇಳಿಕೊಳ್ಳುವುದು ಅದರ ಮೂಲಕ. ಆ ಪಿನ್ನಿನ ಸಂಪರ್ಕ ತಪ್ಪಿದರೆ ಲ್ಯಾಪ್‌ಟಾಪ್ ಅಡಾಪ್ಟರನ್ನು ಅಪರಿಚಿತ ಎಂದು ತಿಳಿದು, ಚಾರ್ಜಿಂಗ್ ನಿಲ್ಲಿಸಿ, ವೇಗಕ್ಕೂ ಕಡಿವಾಣ ಹಾಕುತ್ತದೆ.

ಎರಡನೆಯ ರೋಗ ಹಾಟ್‌ಸ್ಪಾಟ್. ಜಿಪಿಯು 78, ಹಾಟ್‌ಸ್ಪಾಟ್ 103, ನಡುವೆ 25 ಡಿಗ್ರಿ. ಹತ್ತು ಹದಿನೈದು ಇದ್ದರೆ ನಾನು ಮಾತಾಡುವುದಿಲ್ಲ. ಇಷ್ಟಿದ್ದರೆ ಚಿಪ್ಪಿನ ಮೇಲೆ ಬಿಸಿ ಎಳೆಯುವ ತಾಮ್ರ (ಹೀಟ್‌ಸಿಂಕ್) ಸಮನಾಗಿ ಕುಳಿತಿಲ್ಲ. ಪ್ಯಾಡ್ ಬದಲಿಸಿದವನು ದಪ್ಪ ಅಳೆಯದೆ ಕೈಗೆ ಸಿಕ್ಕದ್ದನ್ನು ಅಂಟಿಸಿರಬೇಕು. ಒಂದು ಮಿಲಿಮೀಟರ್ ಇರುವ ಕಡೆ ಒಂದೂವರೆಯದು ಹಾಕಿದರೆ ಹೀಟ್‌ಸಿಂಕ್ ಅದರ ಮೇಲೆ ನಿಂತುಬಿಡುತ್ತದೆ, ಚಿಪ್ಪಿಗೆ ತಾಗುವುದಿಲ್ಲ. ಕಾಲಿನ ಕೆಳಗೆ ಕಲ್ಲು ಸಿಕ್ಕ ಮಂಚದ ಹಾಗೆ.

ಜುಮ್ಮೆನ್ನುವುದು ಬೇರೆ ಸಂಗತಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿದ್ದೀಯ, ಅಲ್ಲವೇ?

ಕೆಂಧೂಳು, ಸಂಡೂರು

ಕಾಕಾ, ಕನ್ವರ್ಟರ್ ಹಾಕಿದ್ದೇನೆ. ಸಂಡೂರಿನಲ್ಲಿ ಕುಳಿತ ನನ್ನ ಗೋಡೆ ನಿಮಗೆ ಹುಬ್ಬಳ್ಳಿಯಿಂದ ಹೇಗೆ ಕಂಡಿತು?

ನಿನ್ನೆ ರಾತ್ರಿ ನೀವು ಹೇಳಿದಂತೆ ಮಾಡಿದೆ. 9.10ಕ್ಕೆ ಶುರು ಮಾಡಿದಾಗ ಬ್ಯಾಟರಿ 100. ವೇಗ ಬಿದ್ದದ್ದು 9.23ಕ್ಕೆ, ಆಗ ಬ್ಯಾಟರಿ 94. ಪರದೆಯ ಮೂಲೆಯಲ್ಲಿ ಪ್ಲಗ್ಗಿನ ಚಿತ್ರ ಹಾಗೇ ಇತ್ತು. ಮೂರು ವರ್ಷದಿಂದ ಆ ಚಿತ್ರವನ್ನು ನಂಬಿ ಅಂಕಿಯನ್ನೇ ನೋಡಿರಲಿಲ್ಲ. ಪಿನ್ನಿನ ಕುತ್ತಿಗೆ ಮುಟ್ಟಿದೆ, ಬೆರಳು ತಾನಾಗಿ ಹಿಂದೆ ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ಚಾರ್ಜಿಂಗ್ ತೂತು ಇರುವುದು ಹಿಂಬದಿಯಲ್ಲಿ, ಬಿಸಿಗಾಳಿ ಬಿಡುವ ಎರಡು ಕಿಂಡಿಗಳ ನಡುವೆ. ಒಳಗಿನಿಂದ ಅದು ಕಾಯುತ್ತದೆ, ಹೊರಗಿನಿಂದ ಇದು ಊದುತ್ತದೆ. ಟಾರ್ಚ್ ಹಿಡಿದು ನೋಡಿದರೆ ಕುತ್ತಿಗೆಯ ಕಪ್ಪು ಪ್ಲಾಸ್ಟಿಕ್ ಒಂದು ಬದಿಯಲ್ಲಿ ಕಂದಾಗಿ, ಸುಟ್ಟ ಹಪ್ಪಳದ ಅಂಚಿನಂತೆ ಸ್ವಲ್ಪ ಉಬ್ಬಿದೆ.

ಸೇವಾ ಕೇಂದ್ರದಲ್ಲಿ ಅವರದೇ ಅಡಾಪ್ಟರ್ ಹಾಕಿ ನೋಡಿರಬೇಕಲ್ಲವೇ? ಹಾಕಿದ್ದರೆ ಅಲ್ಲಿ ಈ ತೊಂದರೆ ಬರುತ್ತಲೇ ಇರಲಿಲ್ಲ. ಹಾಗಾದರೆ ಬೋರ್ಡ್ ಎಂದು ಹೇಗೆ ಹೇಳಿದರು ಎಂಬುದು ನನಗೆ ಹೊಳೆಯುತ್ತಿಲ್ಲ. ಇರಲಿ, ಅದನ್ನು ನೆನೆದರೆ ರಕ್ತದೊತ್ತಡ ಏರುತ್ತದೆ.

240 ವ್ಯಾಟ್‌ನ ಹೊಸ ಅಸಲಿ ಅಡಾಪ್ಟರ್ ತರಿಸಿದ್ದೇನೆ, ₹7,200, ಬುಧವಾರ ಬರುತ್ತದೆ. ಕಾಯುವಷ್ಟು ದಿನ ಫೋನಿನ ಟೈಪ್-ಸಿ ಚಾರ್ಜರ್ ಹಾಕಬಹುದೇ?

ಉಪ್ಪುಗಾಳಿ, ಸುರತ್ಕಲ್

ಫೋನ್ ಚಾರ್ಜರ್ ಬೇಡ. ನಿಮ್ಮ ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿ ಚಾರ್ಜಿಂಗ್ ಒಪ್ಪುವಂಥದ್ದೇ ಆಗಿದ್ದರೆ 100 ವ್ಯಾಟ್‌ನ ಪಿಡಿ (ಟೈಪ್-ಸಿ ಮೂಲಕ ಹೆಚ್ಚು ವಿದ್ಯುತ್ ಕೊಡುವ) ಚಾರ್ಜರ್‌ನಲ್ಲಿ ಬರವಣಿಗೆ, ನಕ್ಷೆ ನೋಡುವುದು, ಬಿಲ್ ಮಾಡುವುದು ನಡೆಯುತ್ತದೆ. ಆಟಕ್ಕೆ ಸಾಲದು. ಆ ಜಿಪಿಯು ಒಂದೇ 150 ವ್ಯಾಟ್‌ವರೆಗೆ ಕುಡಿಯಬಲ್ಲದು, ಸಿಪಿಯು ಒಂದು ಗಳಿಗೆ 115ಕ್ಕೂ ಏರುತ್ತದೆ.

ಕಾಕಾ ಹೇಳಿದ್ದು ಮುಗಿದ ಮೇಲೆ ನಿಮ್ಮ ರ‍್ಯಾಮ್ ಪ್ರಶ್ನೆಗೆ ಬನ್ನಿ. ಅದು ಆಟಕ್ಕೆ ಸಂಬಂಧಿಸಿದ್ದಲ್ಲ, ನಿಮ್ಮ ಹಗಲಿನ ಕೆಲಸಕ್ಕೆ ಸಂಬಂಧಿಸಿದ್ದು. ನಕ್ಷೆಯ ಲೆಕ್ಕ ನಡೆಯುತ್ತಿರುವಾಗ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ "ಕಮಿಟೆಡ್" (ಪ್ರೋಗ್ರಾಂಗಳು ಕೇಳಿಟ್ಟುಕೊಂಡ ಒಟ್ಟು ಮೆಮೊರಿ) ಎಂಬ ಅಂಕಿ ನೋಡಿ. "ಇನ್ ಯೂಸ್" ನೋಡಬೇಡಿ, ಇರುವುದೇ 16 ಆದ್ದರಿಂದ ಅದು 16 ದಾಟಲಾರದು. ನನ್ನ ಅನಿಮೇಷನ್ ಕೆಲಸದಲ್ಲಿ ಕಮಿಟೆಡ್ 40 ತೋರಿಸಿದ ದಿನ ನಾನು 64 ಹಾಕಿಸಿದೆ. ನಿಮ್ಮ ಸಿಪಿಯು ಒಪ್ಪುವ ಮಿತಿಯೂ 64. ಕೊಳ್ಳುವ ಮುನ್ನ ರ‍್ಯಾಮ್ ಬಿಚ್ಚಲು ಬರುವ ಬಗೆಯದೇ, ಬೋರ್ಡಿಗೆ ಬೆಸೆದದ್ದೇ ಎಂದು ಕೆಳಮುಚ್ಚಳ ತೆಗೆದು ನೋಡಿ. ಎಲ್‌ಪಿಡಿಡಿಆರ್ ಎಂದಿದ್ದರೆ ಅದು ಬೆಸೆದದ್ದು, ಕೈ ತೊಳೆದುಕೊಳ್ಳಿ. ಡಿಡಿಆರ್5 4800 ಎಂದಿದ್ದರೆ 16ರ ಎರಡು ಕಡ್ಡಿ ತನ್ನಿ. ಇರುವ 8ರ ಕಡ್ಡಿಯ ಪಕ್ಕ 16ರದೊಂದನ್ನು ಸಿಕ್ಕಿಸಿ ಹಣ ಉಳಿಸುವ ಯೋಚನೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ನಡೆಯುತ್ತದೆ, ಆದರೆ ಜೋಡಿ ಎತ್ತಿನ ಗಾಡಿಗೆ ಒಂದು ಕರು ಕಟ್ಟಿದಂತೆ.

ಗ್ರಾಫಿಕ್ಸ್ ಕಾರ್ಡಿನ 8 ಜಿಬಿ ಮಾತ್ರ ಹುಟ್ಟಿನಿಂದ ಬಂದದ್ದು, ಚಟ್ಟದವರೆಗೆ ಅದೇ. ಆಟದಲ್ಲಿ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರದ ಗುಣಮಟ್ಟ) ಒಂದು ಮೆಟ್ಟಿಲು ಇಳಿಸಿ, ಫ್ರೇಮ್ ಮಿತಿ 60ಕ್ಕೆ ಕಟ್ಟಿ. ಲಾರಿ ಓಡಿಸಲು 165 ಫ್ರೇಮ್ ಬೇಕೇ? ಬಿಸಿ ತಗ್ಗಿಸಲು ಸಿಪಿಯು ವೋಲ್ಟೇಜ್ ಇಳಿಸುವ ಬಾಗಿಲನ್ನು 2019ರ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ನಂತರ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಿದ್ದಾರೆ. ಬದಲಿಗೆ ವಿಂಡೋಸ್‌ನ ಪವರ್ ಆಯ್ಕೆಯಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ, ಅಂದರೆ ಹೆಚ್ಚುವರಿ ವೇಗ, ನಿಲ್ಲುತ್ತದೆ. ಬೇಸಿಗೆಯಲ್ಲಿ ನಾನು ಹೀಗೇ ಆಡುತ್ತೇನೆ.

ಬೆಸುಗೆ ಕಡ್ಡಿ, ಹುಬ್ಬಳ್ಳಿ

ಅಕ್ಕ ಹೇಳಿದ್ದು ಸರಿ. ತಮ್ಮ, ಅಡಾಪ್ಟರ್ ಬರುವಷ್ಟರಲ್ಲಿ ಭಾನುವಾರ ಒಂದು ಕೆಲಸ ಮಾಡು. ಅಂಗಡಿಗೆ ಹೋಗಬೇಡ, ನೀನೇ ಬಿಚ್ಚು. ಅಳತೆಯ ಕೆಲಸದವನು, ನಿನ್ನ ಕೈ ನಡುಗುವುದಿಲ್ಲ. ಮೊದಲು ಪೂರ್ತಿ ಬಂದ್ ಮಾಡಿ ಬ್ಯಾಟರಿಯ ಕನೆಕ್ಟರ್ ತೆಗೆ. ಬ್ಯಾಟರಿ ಚಪ್ಪಟೆಯಾಗಿದೆಯೇ ನೋಡು. ಹೊಟ್ಟೆ ಬಂದಿದ್ದರೆ ಒತ್ತಬೇಡ, ಚುಚ್ಚಬೇಡ, ಅಲ್ಲಿಗೇ ಕೆಲಸ ನಿಲ್ಲಿಸು. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಬೆರೆಸಬೇಡ. ಫ್ಯಾನಿಗೆ ಗಾಳಿ ಊದುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊ. ಗಾಳಿಯ ರಭಸಕ್ಕೆ ಗಿರಗಿರನೆ ತಿರುಗಿದರೆ ಬೇರಿಂಗ್ ಹೋಗುತ್ತದೆ.

ಹೀಟ್‌ಸಿಂಕ್ ಎತ್ತಿದ ಮೇಲೆ ಒರೆಸುವ ಆತುರ ಬೇಡ. ಅಲ್ಲಿ ಸಾಕ್ಷಿ ಇದೆ. ಪ್ರತಿ ಪ್ಯಾಡಿನ ಮೇಲೆ ಅದರ ಕೆಳಗಿನ ಚಿಪ್ಪಿನ ಅಚ್ಚು ಬಿದ್ದಿದೆಯೇ ನೋಡು. ಅಚ್ಚು ಬಿದ್ದಿದ್ದರೆ ತಾಗಿದೆ. ಅಂಗಡಿಯಿಂದ ತಂದ ದಿನದಂತೆ ನುಣ್ಣಗಿದ್ದರೆ ತಾಗೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಒತ್ತಿಹೋದದ್ದು ಯಾವುದೋ ಅದೇ ಅಪರಾಧಿ.

ಕೆಂಧೂಳು, ಸಂಡೂರು

ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಭಾನುವಾರ ಬಿಚ್ಚಿದೆ. ಸ್ಕ್ರೂ ಇಡಲು ಇಡ್ಲಿ ತಟ್ಟೆ ತೆಗೆದುಕೊಂಡೆ, ಒಂದೊಂದು ಗುಳಿಗೆ ಒಂದೊಂದು ಭಾಗದ ಸ್ಕ್ರೂ. ಇಷ್ಟು ಒಳ್ಳೆಯ ಸಾಧನ ಅಡುಗೆಮನೆಯಲ್ಲಿ ಬಿದ್ದಿತ್ತು. ಮಗಳು ಟಾರ್ಚ್ ಹಿಡಿದಳು. ಮಾವ ಕುರ್ಚಿ ಹಾಕಿಕೊಂಡು ಕುಳಿತು ರೇಡಿಯೇಟರ್ ಎಲ್ಲಿ ಎಂದು ಕೇಳಿದರು. ತಾಮ್ರದ ಕೊಳವೆ, ರೆಕ್ಕೆ, ಫ್ಯಾನು ತೋರಿಸಿದೆ. "ಲಾರಿಯದೇ ಅಲ್ಲವೇ" ಎಂದರು.

ಜನವರಿಯಲ್ಲಿ ಧೂಳು ತೆಗೆದಿದ್ದೇವೆ ಎಂದಿದ್ದರಲ್ಲ, ಅವರು ಬರೀ ಫ್ಯಾನಿನ ರೆಕ್ಕೆ ಒರೆಸಿದ್ದಾರೆ. ಫ್ಯಾನಿಗೂ ತಾಮ್ರದ ಪಟ್ಟಿಗಳಿಗೂ ನಡುವೆ, ಹೊರಗಿನಿಂದ ಕಾಣದ ಜಾಗದಲ್ಲಿ, ಒಂದು ಪದರ ಕೂತಿತ್ತು. ಇಕ್ಕಳದಿಂದ ಮೂಲೆ ಹಿಡಿದು ಎಳೆದರೆ ಇಡೀ ತುಂಡಾಗಿ ಬಂತು: ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದ, ಕಂಬಳಿಯಂತೆ ನೇಯ್ದುಕೊಂಡಿದೆ, ಬಣ್ಣ ನಮ್ಮ ರಸ್ತೆಯದೇ. ಬಟ್ಟೆಯ ನೂಲಿಗೆ ಅದಿರಿನ ಹುಡಿ ಅಂಟಿ ಆದದ್ದು. ಎತ್ತಿದರೆ ತೂಕ ಗೊತ್ತಾಗುತ್ತದೆ, ಬೇರೆ ಊರಿನ ಧೂಳು ಹೀಗಿರಲಾರದು.

ಪ್ಯಾಡಿನ ವಿಷಯದಲ್ಲಿ ಕಾಕಾ ಹೇಳಿದ್ದು ಅಕ್ಷರಶಃ. ವಿಆರ್‌ಎಂ ಮೇಲಿನ ಪಟ್ಟಿ ಚಪಾತಿ ಲಟ್ಟಿಸಿದಂತೆ ಅಂಚಿನಿಂದ ಹೊರಗೆ ಉಕ್ಕಿತ್ತು. ವರ್ನಿಯರ್‌ನಲ್ಲಿ ಒತ್ತದ ಭಾಗ ಅಳೆದೆ, 1.5 ಮಿ.ಮೀ. ಎದುರಿನ ಬದಿಯ ಮೆಮೊರಿ ಚಿಪ್ಪಿನ ಮೇಲಿದ್ದ, ಯಾರೂ ಮುಟ್ಟದೆ ಉಳಿದ ಹಳೆಯ ಪ್ಯಾಡ್ 1 ಮಿ.ಮೀ. ಜಿಪಿಯು ಮೇಲೆ ಪೇಸ್ಟ್ ಒಂದು ಮೂಲೆಯಲ್ಲಿ ಗಾಜು ಕಾಣುವಷ್ಟು ತೆಳುವಾಗಿತ್ತು, ಕರ್ಣದ ಎದುರು ಮೂಲೆಯಲ್ಲಿ ಬೆಣ್ಣೆ ಸವರಿದಂತೆ ದಪ್ಪ. ಆ ದಪ್ಪ ಮೂಲೆಯೇ 103 ಡಿಗ್ರಿ.

1 ಮಿ.ಮೀ. ಪ್ಯಾಡ್ ಹಾಕಿದೆ. ಚಿಪ್ಪುಗಳಿಗೆ ಪೇಸ್ಟ್ ಬದಲು ಹನಿವೆಲ್‌ನ ಪಿಟಿಎಂ 7950 ಹಾಳೆ ಕತ್ತರಿಸಿ ಇಟ್ಟೆ. ಅದು ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ತಾನೇ ಹರಡಿಕೊಳ್ಳುತ್ತದೆ; ಕಾದು ತಣಿದು ಕಾದು ತಣಿದು ಪೇಸ್ಟ್ ಅಂಚಿಗೆ ಜಾರಿಹೋಗುವ ಕಾಟ ಕಡಿಮೆಯಂತೆ. ಹಾಳೆಯ ಮೇಲಿನ ಪ್ಲಾಸ್ಟಿಕ್ ಪದರ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಫ್ರಿಜ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಸುಲಭವಾಗಿ ಬರುತ್ತದೆ ಎಂದು ಕೆಲಸ ಮುಗಿದ ಮೇಲೆ ಓದಿದೆ.

ಬುಧವಾರ ಅಡಾಪ್ಟರ್ ಬಂತು. ಅದೇ ಆಟ, ಅದೇ ರಸ್ತೆ, ಹೊರಗೆ 38 ಡಿಗ್ರಿ. ಎರಡು ಗಂಟೆಯಲ್ಲಿ ಸಿಪಿಯು 90 ದಾಟಲಿಲ್ಲ, ಜಿಪಿಯು 73, ಹಾಟ್‌ಸ್ಪಾಟ್ 85. ಬ್ಯಾಟರಿ 100ರಿಂದ ಅಲುಗಾಡಲಿಲ್ಲ. ಒಟ್ಟು ಖರ್ಚು ₹9,400. ಮನೆಯಲ್ಲಿ ಈ ಸಲ ಸರಿಯಾದ ಮೊತ್ತವನ್ನೇ ಹೇಳಿದೆ, ₹78,000ದ ಚೀಟಿಯನ್ನು ಪಕ್ಕದಲ್ಲಿಟ್ಟು.

ಅಕ್ಕ, 540 ಚಿತ್ರಗಳ ಲೆಕ್ಕಕ್ಕೆ ಕಮಿಟೆಡ್ 29 ತೋರಿಸಿತು. ರ‍್ಯಾಮ್ ಬಿಚ್ಚಲು ಬರುತ್ತದೆ, ಡಿಡಿಆರ್5 4800. 32 ಸಾಕೇ, ಹೋಗುವ ದುಡ್ಡು ಹೇಗೂ ಹೋಗುತ್ತದೆ ಎಂದು 64ಕ್ಕೇ ಕೈ ಹಾಕಲೇ?

ಉಪ್ಪುಗಾಳಿ, ಸುರತ್ಕಲ್

29 ಅಂದರೆ 32ರ ಕತ್ತಿನವರೆಗೆ. ಮುಂದಿನ ವರ್ಷ ದೊಡ್ಡ ಕ್ವಾರಿ ಸಿಗುವ ಭರವಸೆ ಇದ್ದರೆ 64. ಇಲ್ಲದಿದ್ದರೆ 32 ಹಾಕಿ, ಉಳಿದ ಹಣದಲ್ಲಿ ಎರಡನೇ ಎಂ.2 ಕಿಂಡಿಗೆ ಒಂದು ಎಸ್‌ಎಸ್‌ಡಿ. ಚಿತ್ರಗಳನ್ನೂ ವಿಂಡೋಸನ್ನೂ ಬೇರೆ ಬೇರೆ ಇಟ್ಟರೆ ಮೂರನೇ ಸಲ ವಿಂಡೋಸ್ ಹಾಕುವಾಗ ಉಸಿರು ಸರಾಗವಾಗಿರುತ್ತದೆ. ಬ್ಯಾಟರಿ ಚಾರ್ಜ್ ಮಿತಿಯನ್ನು 80ಕ್ಕೆ ಇಟ್ಟುಕೊಳ್ಳಿ, ಸದಾ ಪ್ಲಗ್ಗಿನಲ್ಲೇ ಇರುವ ಲ್ಯಾಪ್‌ಟಾಪ್ ಅದು.

ಬೆಸುಗೆ ಕಡ್ಡಿ, ಹುಬ್ಬಳ್ಳಿ

ಎಲ್ಲ ಸರಿ, ಜುಮ್ಮೆನ್ನುವುದರ ಬಗ್ಗೆ ಒಂದು ಅಕ್ಷರ ಬರೆದಿಲ್ಲ. ಅಡಾಪ್ಟರಿನೊಳಗೆ ಗದ್ದಲ ಸೋಸುವ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ಸೋರುವ ಚೂರು ಕರೆಂಟ್ ಅರ್ಥಿಂಗ್ ಮೂಲಕ ನೆಲಕ್ಕೆ ಹೋಗಬೇಕು; ನೀನು ಮೂರನೇ ಪಿನ್ನಿಗೆ ದಾರಿಯೇ ಇಡದ ಕಾರಣ ನಿನ್ನ ಅಂಗೈ ಮೂಲಕ ಹೋಗುತ್ತಿದೆ. ಅದು ಕೊಲ್ಲುವುದಿಲ್ಲ. ಆದರೆ ಮಗಳು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ ಎಂದೆಯಲ್ಲ, ಆ ಮನೆಯಲ್ಲಿ ಅರ್ಥಿಂಗ್ ಇಲ್ಲದೆ ಗೀಸರ್ ಕೂಡ ಇದೆ ಎಂದು ನನ್ನ ಊಹೆ.

ಕೆಂಧೂಳು, ಸಂಡೂರು

ಇದೆ ಕಾಕಾ. ನಿನ್ನೆ ಎಲೆಕ್ಟ್ರಿಷಿಯನ್ ಬಂದು ನೋಡಿದ. ಹಿತ್ತಿಲಿನ ಅರ್ಥಿಂಗ್ ಗುಂಡಿ ಇದೆ, ಇದ್ದಿಲು ಉಪ್ಪು ಹಾಕಿದ ಹಳೆಯ ಕಾಲದ್ದು, ಆದರೆ ತಂತಿ ಪೈಪಿನ ಬುಡದಲ್ಲೇ ತುಕ್ಕು ತಿಂದು ತುಂಡಾಗಿದೆ. ಯಾವಾಗಿನಿಂದಲೋ. ಗುರುವಾರ ಹೊಸ ತಂತಿ ಎಳೆಯುತ್ತಾನೆ. ಅಲ್ಲಿಯವರೆಗೆ ಗೀಸರ್‌ನ ಸ್ವಿಚ್ ಮೇಲೆ ಟೇಪ್ ಸುತ್ತಿದ್ದೇನೆ, ಕನ್ವರ್ಟರನ್ನು ಕಸಕ್ಕೆ ಹಾಕಿದ್ದೇನೆ, ಮತ್ತು ಮಾವ ತಣ್ಣೀರು ಸ್ನಾನಕ್ಕೆ ನನ್ನನ್ನೇ ಬೈಯುತ್ತಿದ್ದಾರೆ.